ಐಸಿಯುವಿನಲ್ಲಿ ಕವುಚಿ ಮಲಗಿಸಿದ ತಂದೆಯ ಮುಖ ಊದಿದೆ. ವೈದ್ಯರು ಕೈಚೆಲ್ಲಿದ್ದಾರೆಯೇ? ಅಂಗಾತ ತಿರುಗಿಸಲು ಹೇಳಲೇ?

ಹೇಳಬೇಡಿ. 2018ರ ಮಳೆಗಾಲದ ಆಟಿ ತಿಂಗಳಲ್ಲಿ ನಾನು ಹೇಳಿದ್ದೆ.

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮಳೆ ಬಿಟ್ಟ ಎರಡು ದಿನಗಳಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಸಿಂಪಡಿಸಿ ಮುಗಿಸುವ ಅವಸರದಲ್ಲಿ ಅಪ್ಪ ಜ್ವರವನ್ನು ಕಷಾಯದಲ್ಲೇ ಕಳೆದರು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆ ಸೇರುವಾಗ ಎಚ್1ಎನ್1 (ಹಂದಿಜ್ವರ) ಸೋಂಕು ಎರಡೂ ಶ್ವಾಸಕೋಶಗಳಿಗೆ ಇಳಿದಿತ್ತು. ಅಂದು ರಾತ್ರಿಯೇ ವೆಂಟಿಲೇಟರ್ ಹಾಕಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಐದು ಜನ ಸೇರಿ ಅವರನ್ನು ಕವುಚಿ ಮಲಗಿಸಿದರು. ‘ಹದಿನಾರು ಗಂಟೆಯಾದರೂ ಹೀಗೆಯೇ ಇರಬೇಕು’ ಎಂದರು ವೈದ್ಯರು. ನಾನು ತಲೆಯಾಡಿಸಿದೆ.

ಸಂಜೆ ಐದಕ್ಕೆ ಅಮ್ಮನನ್ನು ಕರೆದುಕೊಂಡು ಒಳಗೆ ಹೋದೆ. ಅಪ್ಪನ ಕಣ್ಣುರೆಪ್ಪೆಗಳು ನೀರು ತುಂಬಿಕೊಂಡಂತೆ ಊದಿದ್ದವು, ತುಟಿ ನಳಿಕೆಯ ಸುತ್ತ ದಪ್ಪವಾಗಿ ಹೊರಳಿತ್ತು. ಅಮ್ಮ ಕುಸಿದು ಕುಳಿತರು. ‘ಹೊಟ್ಟೆ ಅಡಿಯಾದರೆ ಉಸಿರು ಎಲ್ಲಿಂದ ಬರಬೇಕು?’ ಎಂದು ಸೋದರಮಾವ ಗದರಿದರು. ಪಕ್ಕದ ಪರದೆಯಲ್ಲಿ ಬೆಳಿಗ್ಗೆ 84 ಇದ್ದ ಆಮ್ಲಜನಕ 93ಕ್ಕೆ ಏರಿತ್ತು. ಆ ಅಂಕಿಯನ್ನು ನಾನು ನೋಡಿದ್ದೆ, ಅದರ ಅರ್ಥವನ್ನು ಯಾರನ್ನೂ ಕೇಳಲಿಲ್ಲ. ಮನಸ್ಸಿಗೆ ಇಳಿದದ್ದು ಮುಖ ಮಾತ್ರ. ವೈದ್ಯರು ಎರಡು ಬಾರಿ ಬೇಡವೆಂದರು. ನಾನು ಹಟ ಹಿಡಿದು, ನಮ್ಮ ಜವಾಬ್ದಾರಿಯೆಂದು ಬರೆದು ಸಹಿ ಹಾಕಿದೆ. ಆರು ಗಂಟೆಗೆ ಅಪ್ಪನನ್ನು ಅಂಗಾತ ತಿರುಗಿಸಿದರು. ಒಟ್ಟು ಏಳು ಗಂಟೆ. ರಾತ್ರಿ ಆಮ್ಲಜನಕ ಮತ್ತೆ 80ರ ಕೆಳಗಿಳಿಯಿತು. ಮತ್ತೆ ಕವುಚಿ ಹಾಕೋಣವೇ ಎಂದು ಕೇಳಿದಾಗಲೂ ‘ಅಮ್ಮನನ್ನು ಒಪ್ಪಿಸುತ್ತೇನೆ’ ಎಂದು ಮರುದಿನ ಮಧ್ಯಾಹ್ನದವರೆಗೆ ಎಳೆದೆ. ಅಷ್ಟರಲ್ಲಿ ರಕ್ತದೊತ್ತಡ ಬಿದ್ದು, ಮೂತ್ರ ನಿಂತುಹೋಗಿತ್ತು. ಒಂಬತ್ತನೆಯ ದಿನ ಅಪ್ಪ ಹೋದರು. ‘ಅದರಿಂದಲೇ ಎಂದು ಹೇಳಲಾಗದು’ ಎಂದರು ವೈದ್ಯರು. ಆ ಸಮಾಧಾನ ನನಗೆ ಇನ್ನೂ ದಕ್ಕಿಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಸೋಂಕಿನಿಂದ ಒದ್ದೆಯಾದ ಶ್ವಾಸಕೋಶ ಭಾರವಾಗಿರುತ್ತದೆ. ಅಂಗಾತ ಮಲಗಿದಾಗ ಅದರ ಸ್ವಂತ ಭಾರ, ಹೃದಯದ ಭಾರ, ಹೊಟ್ಟೆಯ ಒತ್ತಡ ಎಲ್ಲವೂ ಬೆನ್ನಿನ ಕಡೆಯ ಭಾಗದ ಮೇಲೆ ಬೀಳುತ್ತವೆ. ಅಲ್ಲಿನ ಗಾಳಿಚೀಲಗಳು ಮುಚ್ಚುತ್ತವೆ, ರಕ್ತ ಮಾತ್ರ ಅಲ್ಲಿಗೇ ಹೆಚ್ಚು ಹರಿಯುತ್ತದೆ. ಕವುಚಿದರೆ ಆ ಚೀಲಗಳು ತೆರೆದುಕೊಳ್ಳುತ್ತವೆ. ತೆರೆದುಕೊಳ್ಳಲು ಹೊತ್ತು ಬೇಕು, ಹದಿನಾರು ಗಂಟೆ ಅದಕ್ಕಾಗಿ. ಮುಖದ ಊತ ಅಂಗಾತ ತಿರುಗಿಸಿದ ಮೇಲೆ ಇಳಿಯುತ್ತದೆ.

ವೈದ್ಯರು ಕೈಚೆಲ್ಲಿದ್ದಾರೆ ಎಂಬ ನಿಮ್ಮ ಊಹೆಯೇ ತಪ್ಪು. 2013ರಲ್ಲಿ ಪ್ರಕಟವಾದ ಪ್ರೊಸೇವಾ ಅಧ್ಯಯನವು ಫ್ರಾನ್ಸ್ ಮತ್ತು ಸ್ಪೇನಿನಲ್ಲಿ ಶ್ವಾಸಕೋಶ ತೀವ್ರವಾಗಿ ಕೆಟ್ಟು ವೆಂಟಿಲೇಟರಿನಲ್ಲಿದ್ದ 466 ರೋಗಿಗಳ ಮೇಲೆ ನಡೆದಿತ್ತು. ಅಂಗಾತವೇ ಇದ್ದವರಲ್ಲಿ 28 ದಿನಗಳೊಳಗೆ ಶೇಕಡಾ 32.8 ಮಂದಿ ತೀರಿಕೊಂಡರೆ, ಕವುಚಿ ಮಲಗಿಸಿದವರಲ್ಲಿ ಶೇಕಡಾ 16. ಅವರನ್ನು ಕವುಚಿದ್ದು ರೋಗದ ಆರಂಭದಲ್ಲೇ, ಎಲ್ಲವೂ ಸೋತ ಮೇಲಲ್ಲ.

ಬೆನ್ನುಮೂಳೆ ಮುರಿದವರಿಗೆ, ತಲೆಯೊಳಗೆ ಒತ್ತಡ ಏರಿದವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ನೀವು ಕೇಳಬೇಕಾದದ್ದು ಬೇರೆ: ತಲೆಯನ್ನು ಆಗಾಗ ಎಡಕ್ಕೆ, ಬಲಕ್ಕೆ ಹೊರಳಿಸುತ್ತಿದ್ದಾರೆಯೇ, ಗಲ್ಲ, ಎದೆ, ಮೊಣಕಾಲಿನ ಕೆಳಗೆ ಮೆತ್ತೆ ಇಟ್ಟಿದ್ದಾರೆಯೇ, ಕಣ್ಣು ಮುಚ್ಚಿ ಕಾಪಾಡಿದ್ದಾರೆಯೇ? ಒತ್ತಿದ ಜಾಗದಲ್ಲಿ ಹುಣ್ಣಾಗಬಹುದು, ತಿರುಗಿಸುವಾಗ ನಳಿಕೆ ಜಾರಬಹುದು. ಇವು ನಿಜವಾದ ಅಪಾಯಗಳು. ಊತಕ್ಕಿಂತ ಇವುಗಳ ಬಗ್ಗೆ ಕೇಳಿ.

ಇವತ್ತು ಸಂಜೆ ತಾಯಿಯನ್ನು ಒಳಗೆ ಕರೆದೊಯ್ಯುವುದಾದರೆ, ಮುಖ ಹೇಗಿರುತ್ತದೆ ಎಂದು ಬಾಗಿಲ ಹೊರಗೇ ಹೇಳಿ, ಆಮೇಲೆ ಕರೆದುಕೊಂಡು ಹೋಗಿ.