ರಾಯಚೂರಿನ ಜಿಲ್ಲಾ ಮಲೇರಿಯಾ ವಿಭಾಗ ಮುಚ್ಚಿತಾ?

ಮೊದಲಿದ್ದ ಮಲೇರಿಯಾ ಅಧಿಕಾರಿ ಹುದ್ದೆ ಈಗ ಯಾಕೆ ಕಾಣುವುದಿಲ್ಲ, ವಿಭಾಗವನ್ನೇ ಮುಚ್ಚಿದರಾ ಅಂತ ಕೇಳಿದ್ದೀರಿ. ಮುಚ್ಚಿಲ್ಲ. ಕೆಲಸ ಜಾಸ್ತಿಯಾಗಿ ಹೆಸರು ಬದಲಾಗಿದೆ, ಅಷ್ಟೇ.

ಮೊದಲು ಕೇಂದ್ರ ಸರ್ಕಾರದಲ್ಲಿ ಮಲೇರಿಯಾ, ಆನೆಕಾಲು ರೋಗ, ಕಾಲಾ ಅಜಾರ್ (ಮರಳು ನೊಣ ಕಚ್ಚಿ ಬರುವ ಜ್ವರ) ಮೂರಕ್ಕೂ ಬೇರೆ ಬೇರೆ ಕಾರ್ಯಕ್ರಮ ಇದ್ದವು. 2003-04ರಲ್ಲಿ ಅವನ್ನು ಒಂದುಗೂಡಿಸಿ ಡೆಂಗಿ, ಮೆದುಳು ಜ್ವರವನ್ನೂ ಸೇರಿಸಿದರು. ಚಿಕುನ್‌ಗುನ್ಯಾ ಆಮೇಲೆ ಬಂತು. ಹಾಗಾಗಿ ಜಿಲ್ಲೆಯಲ್ಲೂ 'ರೋಗವಾಹಕ ಆಶ್ರಿತ ರೋಗಗಳ (ಅಂದರೆ ಸೊಳ್ಳೆಯಂಥ ಕೀಟಗಳಿಂದ ಹರಡುವ ರೋಗಗಳ) ನಿಯಂತ್ರಣ ಅಧಿಕಾರಿ' ಅಂತ ಬೋರ್ಡ್ ಬದಲಾಯಿತು.

ನಮ್ಮ ಕಡೆಗೆ ಇದು ಸರಿಯಾದ ನಿರ್ಧಾರವೇ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಯ ನಿಂತ ನೀರಿನಲ್ಲಿ ಮೆದುಳು ಜ್ವರ ಹರಡುವ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುತ್ತದೆ, ಅದೇ ಊರಲ್ಲಿ ನಳ ದಿನಾ ಬರಲ್ಲ ಅಂತ ತುಂಬಿಟ್ಟ ಡ್ರಮ್ಮಿನಲ್ಲಿ ಡೆಂಗಿಯ ಈಡಿಸ್. ಬ್ಯಾಟರಿ ಹಿಡಿದು ಡ್ರಮ್ಮಿನೊಳಗೆ ಲಾರ್ವಾ ಹುಡುಕುವ ಆಶಾ ಕಾರ್ಯಕರ್ತೆ ಒಂದೊಂದು ರೋಗಕ್ಕೆ ಒಂದೊಂದು ಸಲ ಬರೋಕಾಗುತ್ತಾ? ಆದರೆ ಕೆಲಸ ಕೂಡಿದಂತೆ ಸಿಬ್ಬಂದಿಯೂ ಕೂಡಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಡೆಂಗಿ ಏರಿದಾಗ ಎಲ್ಲರೂ ಅತ್ತ ಓಡಿ, ಮಲೇರಿಯಾ ರಕ್ತಲೇಪನ (ಗಾಜಿನ ಮೇಲೆ ರಕ್ತದ ಹನಿ ಸವರಿ ಮಾಡುವ ಪರೀಕ್ಷೆ) ಹಿಂದೆ ಬೀಳುತ್ತದೆ. ನನ್ನ ಆತಂಕ ಅದೇ.

ನಿಮಗೆ ಜ್ವರ ಇದ್ದರೆ ಬೋರ್ಡ್ ಹುಡುಕುತ್ತಾ ಕೂರಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಲೇರಿಯಾ ಪರೀಕ್ಷೆ ಅಲ್ಲಿ ಉಚಿತ.