ಏರಿಯಾ ಲೀಗ್‌ಗೆ ವಿಕಿಪೀಡಿಯ ಪುಟ ಬೇಕಾ?

ವಿಜಯನಗರದ ನಿಮ್ಮ ಟೆನಿಸ್ ಬಾಲ್ ಕ್ರಿಕೆಟ್ ಲೀಗ್‌ಗೆ ವಿಕಿಪೀಡಿಯದಲ್ಲಿ ಪುಟ ಮಾಡಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ ಅನ್ನುತ್ತೇನೆ. ಬಹುಮಾನ ಎಷ್ಟು, ಜನ ಎಷ್ಟು ಸೇರುತ್ತಾರೆ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಲೀಗ್‌ಗೆ ಸಂಬಂಧವೇ ಇಲ್ಲದವರು ಅದರ ಬಗ್ಗೆ ವಿವರವಾಗಿ ಬರೆದಿದ್ದಾರಾ ಅನ್ನೋದೇ ಮುಖ್ಯ.

ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್ ನೋಡಿ. ಐಪಿಎಲ್‌ನ ಅಬ್ಬರ ಅಲ್ಲಿಲ್ಲ. ಆದರೂ ಎಚ್‌ಎಎಲ್, ಐಟಿಐನಂಥ (ಫೋನ್ ತಯಾರಿಸುತ್ತಿದ್ದ ಸರ್ಕಾರಿ ಕಂಪನಿ) ಕಂಪನಿ ತಂಡಗಳು ಆಡಿದ ಲೀಗ್ ಅದು, ಪತ್ರಿಕೆಗಳು ವರ್ಷಗಟ್ಟಲೆ ವರದಿ ಮಾಡಿವೆ. ನಿಮ್ಮ ಫ್ಲೆಕ್ಸ್, ಫೇಸ್‌ಬುಕ್ ಪೇಜ್, ಆಯೋಜಕರ ಪ್ರಕಟಣೆಯನ್ನೇ ಹಾಗೇ ಅಚ್ಚು ಹಾಕಿದ ಸುದ್ದಿ, ಯಾವುದೂ ಸಾಲದು. (ಎಂಎಲ್‌ಎ ಟಾಸ್ ಹಾಕಿದ ಫೋಟೊ ಕೂಡ!)

ಒಳ್ಳೆಯ ವರದಿಗಳು ಸಿಕ್ಕರೆ ಬರೆಯಿರಿ, ಪ್ರತಿ ಸೀಸನ್‌ಗೂ ಸುಮ್ನೆ ಬೇರೆ ಪುಟ ಬೇಡ. ಆಯೋಜಕರಲ್ಲಿ ನೀವೂ ಒಬ್ಬರಾಗಿದ್ದರೆ ಚರ್ಚೆಪುಟದಲ್ಲಿ (ಪುಟದ ಬಗ್ಗೆ ಬರೆಯುವವರು ಮಾತಾಡಿಕೊಳ್ಳುವ ಜಾಗ) ಅದನ್ನು ಮೊದಲೇ ಹೇಳಿಬಿಡಿ.