ತಪ್ಪಾದಾಗ ನನ್ನನ್ನು ನಾನೇ ಬೈದುಕೊಳ್ಳದಿದ್ದರೆ ಸೋಮಾರಿಯಾಗುವುದಿಲ್ಲವೇ?

ಕಚೇರಿಯಲ್ಲಿ ಸಣ್ಣ ತಪ್ಪಾದರೂ ವಾರಗಟ್ಟಲೆ ನಿಮ್ಮನ್ನು ನೀವೇ ಹಳಿದುಕೊಳ್ಳುತ್ತೀರಿ, ಆ ಸಿಡುಕು ಮನೆಯವರ ಮೇಲೂ ಹರಿಯುತ್ತದೆ ಎಂದು ಬರೆದಿದ್ದೀರಿ. ಬೈದುಕೊಳ್ಳುವುದನ್ನು ಬಿಟ್ಟರೆ ಕೈಲಾಗದವನಾಗಿಬಿಡುತ್ತೇನೆ, ಸ್ವಾನುಕಂಪ ಎನ್ನುವುದೆಲ್ಲ ನೆಪವಲ್ಲವೇ ಎಂದು ಕೇಳಿದ್ದೀರಿ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಕೊಡಗಿನ ಸುಂಟಿಕೊಪ್ಪದ ಬಳಿ ಒಂದು ಕಾಫಿ ತೋಟದಲ್ಲಿ ರೈಟರ್. ಕಾರ್ಮಿಕರ ಹಾಜರಿ, ಹಣ್ಣಿನ ತೂಕ, ಕಣ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮದೇ ಕಾಯಿಲೆ ನನಗೂ ಇತ್ತು. ಅದಕ್ಕೆ ನಾನು ಕಟ್ಟಿದ ದಂಡದ ಲೆಕ್ಕವನ್ನು ಹೇಳುತ್ತೇನೆ.

2021ರ ಜನವರಿ ಆರಂಭದಲ್ಲಿ ಕೊಡಗಿನಲ್ಲಿ ಅಕಾಲದ ಮಳೆ ಬಂದದ್ದು ತೋಟದವರಿಗೆಲ್ಲ ನೆನಪಿರುತ್ತದೆ. ಕಣದಲ್ಲಿ ಹರಡಿದ ಹಣ್ಣು ಒಣಗಲು ಒಳ್ಳೆಯ ಬಿಸಿಲಿದ್ದರೂ 12–15 ದಿನ ಬೇಕು. ಒಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ನಮ್ಮದು ಗಲಗಲ ಎನ್ನಲು ಇನ್ನೆರಡು ದಿನವಿತ್ತು. ಸಂಜೆ ಮೋಡ ಕವಿದಿತ್ತು. 'ಹೋಗುತ್ತದೆ ಬಿಡಿ' ಎಂದು ನಾನೇ ಜನರನ್ನು ಲೈನ್‌ಮನೆಗೆ (ಕಾರ್ಮಿಕರ ಮನೆಗಳ ಸಾಲಿಗೆ) ಕಳುಹಿಸಿದೆ. ಗುಡ್ಡೆ ಮಾಡಿಸಲಿಲ್ಲ, ಟಾರ್ಪಾಲ್ ಹೊದಿಸಲಿಲ್ಲ. ರಾತ್ರಿ ಹನ್ನೊಂದಕ್ಕೆ ತಗಡಿನ ಮಾಡಿನ ಮೇಲೆ ಮೊದಲ ಹನಿಗಳ ಸದ್ದು ಕೇಳಿತು. ಟಾರ್ಚ್ ಹಿಡಿದು ಓಡುವಷ್ಟರಲ್ಲಿ ಅರ್ಧ ಕಣ ನೆನೆದಿತ್ತು.

ಇಲ್ಲಿಯವರೆಗೆ ಆದದ್ದು ಅಂದಾಜಿನ ತಪ್ಪು, ಯಾರಿಗಾದರೂ ಆಗುವಂಥದ್ದು. ಮುಂದಿನದು ಮಾತ್ರ ಪೂರ್ತಿ ನನ್ನ ನಾಚಿಕೆಯ ಕೆಲಸ. ರಾತ್ರಿಯಿಡೀ 'ಇಪ್ಪತ್ತು ವರ್ಷ ರೈಟರ್ ಆಗಿ ಇಷ್ಟೂ ಗೊತ್ತಾಗಲಿಲ್ಲವೇ, ಅನ್ನಕ್ಕೆ ದಂಡ' ಎಂದು ಬೈದುಕೊಂಡೆ. ಬೆಳಿಗ್ಗೆ ಸಾಹುಕಾರರು ಫೋನ್ ಮಾಡಿದಾಗ 'ಸ್ವಲ್ಪ ನೆನೆದಿದೆ, ಅಷ್ಟೇ' ಎಂದೆ. ಪಕ್ಕದ ತೋಟದಲ್ಲಿ ಖಾಲಿ ಗೋದಾಮು ಇತ್ತು, ಕೇಳಿದ್ದರೆ ಹರಡಲು ಜಾಗ ಕೊಡುತ್ತಿದ್ದರು. ಕೇಳಿದರೆ ವಿಷಯ ತಿಳಿಯುತ್ತದಲ್ಲ! ನೆನೆದ ಕಾಯಿಯನ್ನೇ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದೆ. ಮೂರನೆಯ ದಿನ ತೆರೆದು ಒಳಗೆ ಕೈ ಹಾಕಿದರೆ ಹಬೆಯಂಥ ಬಿಸಿ, ಹುಳಿ ವಾಸನೆ, ಬಿಳಿ ಬೂಷ್ಟು. ಮಳೆಯಿಂದ ಕೆಡುತ್ತಿದ್ದದ್ದು ಹತ್ತು ಚೀಲವಿರಬಹುದು. ನಾನು ಮುಚ್ಚಿಟ್ಟಿದ್ದರಿಂದ 40 ಚೀಲದ ಬೆಲೆ ಬಿತ್ತು; ಚೀಲಕ್ಕೆ 50 ಕೆಜಿ. ಬೈದುಕೊಂಡರೆ ಕೆಲಸ ಸುಧಾರಿಸುತ್ತದೆ ಎನ್ನುತ್ತೀರಲ್ಲ, ಅದಕ್ಕೆ ನನ್ನ ಉತ್ತರ ಆ ಗುಡ್ಡೆ.

ಮನೆಯ ಕಥೆ ಬೇರೆ. ಅಕ್ಕಿ ರೊಟ್ಟಿಗೆ ಉಪ್ಪು ಕಡಿಮೆ ಎಂದು ಕೂಗಾಡಿದೆ. ಆಮೇಲೆ 'ನಾನು ಕೆಲಸಕ್ಕೆ ಬಾರದವನು' ಎಂದು ಕೂತೆ. ಹೆಂಡತಿ ಹಾಗಲ್ಲ ಎಂದಳು. ಮತ್ತೆ ಅದನ್ನೇ ಹೇಳಿದೆ, ಮತ್ತೆ ಹಾಗಲ್ಲ ಎಂದಳು. ನಾಲ್ಕೈದು ದಿನ ಇದೇ ನಡೆಯಿತು. ಕೊನೆಗೆ ಅವಳು, "ನೀವು ಬೈದುಕೊಳ್ಳುವುದು, ನಾನು ಸಮಾಧಾನ ಹೇಳುವುದು. ನನಗೂ ತಿಂಗಳಿಂದ ಬೆನ್ನು ನೋಯುತ್ತಿದೆ, ಅದನ್ನು ಯಾರಿಗೆ ಹೇಳಲಿ?" ಎಂದಳು. ಬೆನ್ನುನೋವಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ತನ್ನನ್ನು ತಾನು ಹಳಿದುಕೊಳ್ಳುವವನು ವಿನಯವಂತ ಎಂದುಕೊಂಡಿದ್ದೆ. ಮನೆಯಲ್ಲಿ ಇಡೀ ದಿನ ನನ್ನದೇ ಮಾತು ನಡೆಯುತ್ತಿತ್ತು.

ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಅಕ್ಕನ ಮಗಳು ರಜೆಗೆ ಬಂದಾಗ ಇದನ್ನು ಕೇಳಿಸಿಕೊಂಡಳು. "ಮಾವ, ಸ್ವಾನುಕಂಪ ಬೇರೆ, ತನ್ನ ಮೇಲೆ ತನಗೆ ಕರುಣೆ ಇರುವುದು ಬೇರೆ" ಎಂದಳು. ನಿಮ್ಮ ಪ್ರಶ್ನೆಯಲ್ಲೂ ಈ ಕಲಸುಮೇಲೋಗರ ಇದೆ. 'ನನಗೇ ಯಾಕೆ ಹೀಗೆ' ಎಂದು ಮೂಲೆ ಸೇರುವುದು ಸ್ವಾನುಕಂಪ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ತನ್ನ ಮೇಲಿನ ಕರುಣೆಯನ್ನು ಅಳೆಯಲು 2003ರಲ್ಲಿ 26 ಹೇಳಿಕೆಗಳ ಅಳತೆಗೋಲೊಂದನ್ನು ಮಾಡಿದರು. ಅವರು ಹೇಳುವ ಕರುಣೆಯಲ್ಲಿ ಮೂರು ಸಂಗತಿಗಳಿವೆ: ತನ್ನೊಡನೆ ಮೃದುವಾಗಿರುವುದು, ಇದು ಎಲ್ಲ ಮನುಷ್ಯರಿಗೂ ಆಗುವಂಥದ್ದು ಎಂದು ಕಾಣುವುದು, ಆದದ್ದನ್ನು ಆದಷ್ಟೇ ಅಳತೆಯಲ್ಲಿ ನೋಡುವುದು. ನನಗೆ ನಾಟಿದ್ದು ಎರಡನೆಯದು. ಆ ರಾತ್ರಿ ಮಳೆ ಎಷ್ಟೋ ತೋಟಗಳ ಕಣಗಳ ಮೇಲೆ ಸುರಿದಿತ್ತು. ನಾನು ಮಾತ್ರ ಅದು ನನ್ನ ತಲೆಯ ಮೇಲೊಂದೇ ಬಿದ್ದಂತೆ ಕೂತಿದ್ದೆ.

ಸೋಮಾರಿತನದ ಮಾತಿಗೂ ಅವಳು ಉತ್ತರ ಕೊಟ್ಟಳು. 2012ರಲ್ಲಿ ಪ್ರಕಟವಾದ, ಬ್ರೈನ್ಸ್ ಮತ್ತು ಚೆನ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕಷ್ಟದ ಪದ ಪರೀಕ್ಷೆಯೊಂದನ್ನು ಕೊಟ್ಟರು. ಆಮೇಲೆ ಅವರಲ್ಲಿ ಕೆಲವರಿಗೆ 'ಇದು ಎಲ್ಲರಿಗೂ ಕಷ್ಟವೇ, ನಿಮ್ಮನ್ನು ಹಿಂಸಿಸಿಕೊಳ್ಳಬೇಡಿ' ಎಂಬರ್ಥದ ಮಾತು ಹೇಳಿದರು. ಮರುಪರೀಕ್ಷೆಗೆ ಹೆಚ್ಚು ಹೊತ್ತು ಓದಿದವರು ಇವರೇ. ನೆಫ್ ಮತ್ತು ಬೆರೆಟ್ವಾಸ್ 2013ರಲ್ಲಿ ಜೋಡಿಗಳನ್ನು ಕೇಳಿದಾಗ, ತಮ್ಮ ಮೇಲೆ ಕರುಣೆಯಿದ್ದವರನ್ನು ಅವರ ಸಂಗಾತಿಗಳೇ ಹೆಚ್ಚು ಆತ್ಮೀಯರು, ದಬ್ಬಾಳಿಕೆ ಕಡಿಮೆ ಎಂದು ಹೇಳಿದರು.

ಒಂದು ಮಾತು. ಸಂಬಳ ತಡೆಹಿಡಿಯುವ, ಎಲ್ಲರ ಮುಂದೆ ಅವಮಾನಿಸುವ ಮೇಲಧಿಕಾರಿಯನ್ನು ಈ ಕರುಣೆ ಸರಿಮಾಡುವುದಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಬೇಕು. ನಿದ್ದೆ, ಊಟ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಾನೇನು ಪೂರ್ತಿ ಬದಲಾಗಿಲ್ಲ. ಕಳೆದ ಕೊಯ್ಲಿನಲ್ಲಿ ಒಬ್ಬಾಕೆ ಕೊಯ್ದ ಹಣ್ಣಿನ ತೂಕವನ್ನು ಇನ್ನೊಬ್ಬಾಕೆಯ ಹೆಸರಿಗೆ ಬರೆದುಬಿಟ್ಟಿದ್ದೆ. ಗೊತ್ತಾದ ಕೂಡಲೇ ಕಿವಿ ಬಿಸಿಯಾಯಿತು, ಪುಸ್ತಕ ಮುಚ್ಚಿಡುವ ಎಂದು ಕೈ ಹೋಯಿತು. ಐದು ನಿಮಿಷ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತೆ. ಸಾಲಿನಲ್ಲಿ ಅರವತ್ತು ಜನ, ಕತ್ತಲಾಗುವ ಹೊತ್ತು, ಯಾರ ಕೈಯೂ ತಪ್ಪುತ್ತದೆ ಎಂದುಕೊಂಡೆ. ಆಮೇಲೆ ಇಬ್ಬರನ್ನೂ ತಕ್ಕಡಿಯ ಹತ್ತಿರ ಕರೆದು ತಪ್ಪು ನನ್ನದು ಎಂದು ಹೇಳಿ, ಅವರೆದುರಿಗೇ ತಿದ್ದಿದೆ. ಇನ್ನೊಬ್ಬಾಕೆ, "ನನ್ನ ಲೆಕ್ಕ ಜಾಸ್ತಿ ಇದ್ದದ್ದು ನನಗೆ ಗೊತ್ತಿತ್ತು ರೈಟರೇ, ನೀವು ಯಾವಾಗ ಕೇಳುತ್ತೀರಿ ಅಂತ ನೋಡುತ್ತಿದ್ದೆ" ಎಂದು ನಕ್ಕಳು.

ಸಂಜೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿಗೆ ಹೇಳಿದೆ. "ಎಷ್ಟು ಕೆಜಿ?" ಎಂದಳು. ಹದಿನೆಂಟು ಎಂದೆ. "ಸರಿ, ಕೈ ತೊಳೆದು ಬನ್ನಿ" ಎಂದಳು.